ಡ್ರಿಪ್ ಕಾಫಿ ಮೇಕರ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೀಲ್ ಫಿಲ್ಟರ್ ಜೊತೆಗೆ ಈಗ ಬಹಳ ಮನೆಗಳಲ್ಲಿ ಕರೆಂಟಿನ ಡ್ರಿಪ್ ಕಾಫಿ ಮೇಕರ್ ಕೂಡ ಇದೆ. ಬೆಳಿಗ್ಗೆ ಎದ್ದು ಸ್ವಿಚ್ ಹಾಕಿದರೆ ಹಾಲು ಉಕ್ಕುವಷ್ಟರಲ್ಲಿ ಡಿಕಾಕ್ಷನ್ ಸಿದ್ಧ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥದ್ದೊಂದನ್ನು ದಿನಕ್ಕೆ ಎರಡು ಸಲ ಬಳಸಿದ್ದೇನೆ, ತೊಳೆದಿದ್ದೇನೆ, ನೆಂಟರಿಷ್ಟರ ಮನೆಯವನ್ನೂ ನೋಡಿಕೊಟ್ಟಿದ್ದೇನೆ. ಕೆಟ್ಟಿದೆ ಎಂದು ಅಟ್ಟ ಸೇರಿದ ಮಷಿನ್‌ಗಳಲ್ಲಿ ಹೆಚ್ಚಿನವು ನಿಜಕ್ಕೂ ಕೆಟ್ಟಿರಲಿಲ್ಲ. ಒಂದೋ ಒಳಗೆ ಸುಣ್ಣ ಕಟ್ಟಿತ್ತು, ಇಲ್ಲವೇ ಕಾಫಿಯ ಜಿಡ್ಡು ಹಿಡಿದಿತ್ತು. ಇವೆರಡೂ ಬೇರೆ ಬೇರೆ ಕೊಳೆ, ಎರಡಕ್ಕೂ ಮದ್ದು ಬೇರೆ. ಸುಣ್ಣ ಹುಳಿಗೆ ಬಿಡುತ್ತದೆ, ಜಿಡ್ಡು ಸೋಡಾಕ್ಕೆ ಬಿಡುತ್ತದೆ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ಮಾತು ನೆನಪಿರಲಿ.

ಒಳಗೆ ಪಂಪ್ ಇದೆಯೇ? ನೀರು ಮೇಲಕ್ಕೆ ಹೇಗೆ ಏರುತ್ತದೆ?

ಸಾಮಾನ್ಯ ಮನೆಬಳಕೆಯ ಮಷಿನ್‌ನಲ್ಲಿ ಪಂಪ್ ಇರುವುದಿಲ್ಲ. ಟ್ಯಾಂಕಿನ ತಳದಲ್ಲಿ ಒಂದು ತೂತು ಇದೆ. ಅಲ್ಲಿಂದ ನೀರು ಒಂದೇ ದಿಕ್ಕಿಗೆ ಬಿಡುವ ಪುಟ್ಟ ವಾಲ್ವ್ ದಾಟಿ, ಜಗ್ ಕೂರುವ ತಟ್ಟೆಯ ಅಡಿಯಲ್ಲಿರುವ ಅಲ್ಯೂಮಿನಿಯಂ ಕೊಳವೆಗೆ ಹೋಗುತ್ತದೆ. ಆ ಕೊಳವೆಗೆ ಅಂಟಿಕೊಂಡೇ ಹೀಟರ್ ಇರುತ್ತದೆ. ನೀರು ಅಲ್ಲಿ ಕುದಿದು ಗುಳ್ಳೆ ಏಳುತ್ತದೆ. ಹಿಂದಕ್ಕೆ ಹೋಗಲು ವಾಲ್ವ್ ಬಿಡುವುದಿಲ್ಲ. ಹಾಗಾಗಿ ಗುಳ್ಳೆಗಳು ಬಿಸಿನೀರನ್ನು ತಳ್ಳಿಕೊಂಡು ಇನ್ನೊಂದು ಕೊಳವೆಯಲ್ಲಿ ಮೇಲೇರಿ ಪುಡಿಯ ಮೇಲೆ ಸುರಿಯುತ್ತವೆ. ಜಗ್ಗಿನ ತಟ್ಟೆಯನ್ನು ಬಿಸಿಯಾಗಿಡುವುದೂ ಅದೇ ಹೀಟರ್.

ಕರೆಂಟಿನ ಡ್ರಿಪ್ ಮಷಿನ್ ಮೊದಲು ಬಂದದ್ದು 1954ರಲ್ಲಿ, ಜರ್ಮನಿಯಲ್ಲಿ, ವಿಗೊಮಾಟ್ ಎಂಬ ಹೆಸರಿನಲ್ಲಿ. ಮಷಿನ್ ಎಷ್ಟೇ ಹೊಸದಾಗಿದ್ದರೂ ಅದರ ಜೀವ ಇರುವುದು ಆ ತೆಳು ಕೊಳವೆಯಲ್ಲಿ. ತೊಂದರೆಗಳೂ ಬಹುಪಾಲು ಅಲ್ಲೇ ಹುಟ್ಟುತ್ತವೆ.

ಮೊದಲು ಏಳೆಂಟು ನಿಮಿಷಕ್ಕೆ ಇಳಿಯುತ್ತಿತ್ತು. ಈಗ ಕಾಲು ಗಂಟೆಯಾದರೂ ಮುಗಿಯುವುದಿಲ್ಲ, ಶುರುವಿನಿಂದಲೇ ಗೊರಗೊರ ಸದ್ದು, ಹಬೆ ಬೇರೆ. ಏನಾಗಿದೆ?

ಸುಣ್ಣ ಕಟ್ಟಿದೆ. ಟ್ಯಾಂಕ್ ಖಾಲಿಯಾಗುವಾಗ, ಅಂದರೆ ಕೊನೆಯ ಒಂದು ನಿಮಿಷ ಗೊರಗೊರ ಎನ್ನುವುದು ಸಹಜ. ತುಂಬಿದ ಟ್ಯಾಂಕ್ ಇಟ್ಟುಕೊಂಡು ಮೊದಲಿಂದಲೇ ಹಾಗೆ ಕೂಗಿದರೆ, ಹಬೆ ಹೆಚ್ಚಾಗಿ ನೀರು ಕಡಿಮೆ ಬಿದ್ದರೆ, ಕೊಳವೆ ಕಿರಿದಾಗಿದೆ ಎಂದೇ ಅರ್ಥ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟ್ ಕರಗಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಅದೇ ಈ ಬಿಳಿ ಪದರ. ಗೀಸರ್ ಕಾಯಿಲ್ ಬಿಚ್ಚಿದಾಗ ಕೈಗೆ ಬರುವ ಬಿಳಿ ಚಕ್ಕೆ, ಹಂಡೆಯ ತಳದಲ್ಲಿ ಕೂರುವ ಬೂದುಬಿಳಿ ಹಿಟ್ಟು, ನಲ್ಲಿಯ ಬಾಯಲ್ಲಿ ಕಟ್ಟುವ ಗಂಟು ಎಲ್ಲವೂ ಇದರದೇ ಬೇರೆ ಬೇರೆ ರೂಪ. ಗೀಸರಿನ ಕಾಯಿಲ್ ದಪ್ಪಗಿರುತ್ತದೆ, ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಕಾಫಿ ಮೇಕರಿನ ಕೊಳವೆಗೆ ಅಷ್ಟು ಜಾಗವಿಲ್ಲ. ಜೊತೆಗೆ ಸುಣ್ಣದ ಪದರ ಶಾಖವನ್ನು ತಡೆಯುತ್ತದೆ. ಹೀಟರ್ ಕಾದರೂ ನೀರಿಗೆ ಶಾಖ ಸರಿಯಾಗಿ ಮುಟ್ಟುವುದಿಲ್ಲ, ಹೀಟರ್ ಮಾತ್ರ ಅತಿಯಾಗಿ ಕಾದು ಥರ್ಮೋಸ್ಟಾಟ್ ನಡುನಡುವೆ ಕರೆಂಟ್ ಕಡಿಯುತ್ತದೆ. ನಿಂತು ನಿಂತು ಇಳಿಯುವುದು ಅದಕ್ಕೇ. ಹೀಗೇ ಬಿಟ್ಟರೆ ಒಂದು ದಿನ ಒಳಗಿನ ಫ್ಯೂಸ್ ಹೋಗುತ್ತದೆ. ಆಗ ಅದು ನಿಜವಾಗಿಯೂ ಕೆಟ್ಟ ಮಷಿನ್.

ಸುಣ್ಣ ತೆಗೆಯುವುದು ಹೇಗೆ?

ನಾನು ಬಳಸುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ, ಅಗ್ಗ, ವಾಸನೆಯೂ ಇಲ್ಲ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ. ಪೂರ್ತಿ ಕರಗಿಸಿ ಟ್ಯಾಂಕಿಗೆ ಹಾಕಿ. ಬುಟ್ಟಿಯಲ್ಲಿ ಪುಡಿ ಇರಬಾರದು, ಜಾಲರಿಯನ್ನೂ ತೆಗೆದಿಡಿ.

ಸ್ವಿಚ್ ಹಾಕಿ. ಅರ್ಧ ನೀರು ಜಗ್ಗಿಗೆ ಇಳಿದಾಗ ಆರಿಸಿ. ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಬಿಡಿ. ಕೆಲಸ ನಡೆಯುವುದು ಈ ಹೊತ್ತಿನಲ್ಲಿ, ಅವಸರ ಮಾಡಬೇಡಿ. ಆಮೇಲೆ ಮತ್ತೆ ಹಾಕಿ ಉಳಿದದ್ದನ್ನು ಇಳಿಸಿ. ಜಗ್ಗಿನಲ್ಲಿ ಬಿಳಿ ಚೂರು, ಕಂದು ಚಕ್ಕೆ ಬಂದರೆ ಗಾಬರಿ ಬೇಡ. ಬರಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಚೆಲ್ಲಿ, ಬರೀ ನೀರನ್ನು ಎರಡು ಮೂರು ಸಲ ಪೂರ್ತಿ ಓಡಿಸಿ. ಕೊನೆಯ ನೀರನ್ನು ತಣಿಸಿ ನಾಲಿಗೆಗೆ ಹಚ್ಚಿ ನೋಡಿ, ಹುಳಿ ಇದ್ದರೆ ಇನ್ನೊಂದು ಸಲ.

ಪೂರ್ತಿ ಕಟ್ಟಿಹೋಗಿ ಹನಿಯೂ ಇಳಿಯದಿದ್ದರೆ ಹುಳಿನೀರು ತುಂಬಿ ಒಂದು ನಿಮಿಷ ಸ್ವಿಚ್ ಹಾಕಿ, ಆರಿಸಿ, ಹತ್ತು ನಿಮಿಷ ಬಿಡಿ. ಹೀಗೆ ನಾಲ್ಕೈದು ಸಲ. ಕೋಲಾರದ ಕಡೆ ನಮ್ಮ ನೆಂಟರ ಮನೆಯಲ್ಲಿ ಒಂದು ವರ್ಷ ಬೋರ್‌ವೆಲ್ ನೀರು ಕುಡಿದ ಮಷಿನ್ ಇಡೀ ಮಧ್ಯಾಹ್ನ ತೆಗೆದುಕೊಂಡಿತು, ಆದರೆ ಸಂಜೆಯ ಕಾಫಿ ಅದರಲ್ಲೇ ಆಯಿತು. ಬಿಟ್ಟ ಚಕ್ಕೆ ಮೇಲೆ ಬಂದು ನೀರು ಸುರಿಯುವ ಸಣ್ಣ ತೂತುಗಳಲ್ಲಿ ಸಿಕ್ಕಿಕೊಳ್ಳುವುದುಂಟು. ಪೊರಕೆ ಕಡ್ಡಿಯಿಂದ ಮೆಲ್ಲಗೆ ಚುಚ್ಚಿ ತೆಗೆಯಿರಿ.

ಹೆಚ್ಚು ನಿಂಬೆ ಉಪ್ಪು ಹಾಕಿದರೆ ಬೇಗ ಆಗುತ್ತದೆ ಎಂದು ಮೂರು ನಾಲ್ಕು ಚಮಚ ಸುರಿಯಬೇಡಿ. ಹುಳಿಯೂ ಸುಣ್ಣವೂ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದೇ ಕಡಿಮೆ, ಬಿಸಿಯಲ್ಲಿ ಇನ್ನೂ ಕಡಿಮೆ. ದ್ರಾವಣ ಗಟ್ಟಿಯಾದಷ್ಟೂ ಅದೇ ಇನ್ನೊಂದು ಬಿಳಿ ಪುಡಿಯಾಗಿ ಕೂರಬಹುದು. ತೆಳುವಾದ ದ್ರಾವಣದಲ್ಲಿ ಎರಡು ಸಲ ಮಾಡುವುದು ಮೇಲು.

ವಿನೆಗರ್ ಆಗುವುದಿಲ್ಲವೇ? ನಿಂಬೆರಸ? ಹುಣಸೆ?

ಬಿಳಿ ವಿನೆಗರ್ ಚೆನ್ನಾಗಿಯೇ ಆಗುತ್ತದೆ, ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ವಾಸನೆ ಹೋಗಲು ಮೂರು ನಾಲ್ಕು ಸಲ ಬರೀ ನೀರು ಓಡಿಸಬೇಕು, ಅಷ್ಟೇ ತೊಂದರೆ. ನಿಂಬೆರಸದಲ್ಲಿ ಸಿಟ್ರಿಕ್ ಆಸಿಡ್ ಇದೆ ನಿಜ, ಆದರೆ ತಿರುಳಿನ ಎಳೆಗಳೂ ಸಕ್ಕರೆಯ ಅಂಶವೂ ಇವೆ, ಅವು ಒಳಗೆ ಸೀದು ಅಂಟುತ್ತವೆ. ಹುಣಸೆಹಣ್ಣು ಹಿತ್ತಾಳೆ ಪಾತ್ರೆಯ ಹೊರಮೈಗೆ ಇರಲಿ. ಮಷಿನ್ ಒಳಗೆ ಬೇಡ.

ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ನೀರಿಗೆ ಬೆರೆಸಿ ಹಾಕಬಹುದೇ ಎಂದು ಕೇಳಿದವರಿದ್ದಾರೆ. ಖಂಡಿತ ಕೂಡದು. ಅದು ಅಲ್ಯೂಮಿನಿಯಂ ಕೊಳವೆಯನ್ನೇ ತಿನ್ನುತ್ತದೆ, ನೀವು ಕುಡಿಯುವುದೂ ಅದೇ ದಾರಿಯ ನೀರನ್ನು. ಬ್ಲೀಚ್ ಕೂಡ ಬೇಡ. ಬ್ಲೀಚಿಗೆ ವಿನೆಗರ್ ಅಥವಾ ಬೇರೆ ಯಾವುದೇ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಡುಗೆಮನೆಯಲ್ಲಿ ನಿಂತವರ ಶ್ವಾಸಕೋಶಕ್ಕೆ ಅಪಾಯ.

ವಿನೆಗರಿಗೆ ಅಡುಗೆ ಸೋಡಾ ಸೇರಿಸಿದರೆ ನೊರೆ ಬಂದು ಇನ್ನೂ ಚೆನ್ನಾಗಿ ತೊಳೆಯುತ್ತದೆ ಎನ್ನುತ್ತಾರಲ್ಲ?

ನೋಡಲು ಚೆಂದ, ಕೆಲಸಕ್ಕೆ ಬಾರದು. ಹುಳಿಯೂ ಸೋಡಾವೂ ಒಂದನ್ನೊಂದು ತಿಂದುಹಾಕುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು, ಅದು ಸುಣ್ಣವನ್ನೂ ಕರಗಿಸದು, ಜಿಡ್ಡನ್ನೂ ಬಿಡಿಸದು. ಕೊಳವೆಗೆ ಹುಳಿ ಮಾತ್ರ. ಬುಟ್ಟಿ, ಜಾಲರಿ, ಜಗ್ಗಿಗೆ ಸೋಡಾ ಮಾತ್ರ. ನಡುವೆ ಚೆನ್ನಾಗಿ ನೀರು ಹಾಯಿಸಿ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಆರ್‌ಓ ನೀರು ಹಾಕಿದರೆ ಬೇಡವೇ?

ನೀರನ್ನು ನೋಡಿ ಹೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಅಂದರೆ ಕುಡಿಯಲು ಪರವಾಗಿಲ್ಲ ಎನ್ನುವ ನೀರೂ ಕಾಫಿ ಮೇಕರಿಗೆ ಸಾಕಷ್ಟು ಗಡಸಾಗಿರಬಹುದು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಾದರೆ ಮೂರು ತಿಂಗಳಿಗೊಮ್ಮೆ ಸಾಕು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ತಿಂಗಳಿಗೊಮ್ಮೆ. ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಸಲ ನೀರು ಕಾಯಿಸಿ ತಳ ನೋಡಿದರೆ ನಿಮ್ಮ ನೀರಿನ ಗುಣ ತಿಳಿಯುತ್ತದೆ.

ಆರ್‌ಓ ನೀರಿಗೆ ಸುಣ್ಣ ಕಟ್ಟುವುದು ಬಹಳ ಕಡಿಮೆ. ಆದರೆ ಖನಿಜವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆ. ಪುಡಿಯಿಂದ ರುಚಿ ಎಳೆದು ತರಲು ನೀರಿನಲ್ಲಿ ಒಂದಿಷ್ಟು ಖನಿಜ ಬೇಕು. ಕಾಫಿ ಪರಿಣತರು ಹೇಳುವ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಖನಿಜಗಳ ಒಟ್ಟು ಪ್ರಮಾಣ, ಲೀಟರಿಗೆ ಸುಮಾರು 150 ಮಿಲಿಗ್ರಾಂ. ನಾನು ಆರ್‌ಓ ನೀರಿಗೆ ಸೋಸಿದ ಕಾವೇರಿ ನೀರನ್ನು ಅರ್ಧಕ್ಕರ್ಧ ಬೆರೆಸುತ್ತೇನೆ. ರುಚಿಯೂ ಉಳಿಯಿತು, ಸುಣ್ಣವೂ ತಗ್ಗಿತು.

ಬುಟ್ಟಿ ತುಂಬಿ ಪುಡಿಸಮೇತ ಹೊರಗೆ ಚೆಲ್ಲುತ್ತದೆ. ಮಷಿನ್ ದೋಷವೇ?

ಹೆಚ್ಚಾಗಿ ಅಲ್ಲ. ಮೊದಲು ಜಗ್ಗಿನ ಮುಚ್ಚಳ ನೋಡಿ. ಬುಟ್ಟಿಯ ತಳದಲ್ಲಿ ಸ್ಪ್ರಿಂಗ್ ಇರುವ ಒಂದು ಬಿರಡೆ ಇರುತ್ತದೆ, ನಡುವೆ ಜಗ್ ತೆಗೆದರೂ ಹನಿ ಬೀಳದಿರಲಿ ಎಂದು. ಜಗ್ಗಿನ ಮುಚ್ಚಳ ಅದನ್ನು ಮೇಲಕ್ಕೆ ಒತ್ತಿದಾಗ ಮಾತ್ರ ದಾರಿ ತೆರೆಯುತ್ತದೆ. ಮುಚ್ಚಳ ಹಾಕದೆ ಇಟ್ಟರೆ, ಜಗ್ ಅರ್ಧ ಇಂಚು ಮುಂದೆ ಉಳಿದರೆ, ಬಿರಡೆಯ ಸುತ್ತ ಹಳೆಯ ಪುಡಿ ಗಟ್ಟಿಯಾಗಿದ್ದರೆ ನೀರು ಇಳಿಯದೆ ಮೇಲಿಂದ ಉಕ್ಕುತ್ತದೆ. ಬುಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿರಡೆಯ ಸುತ್ತ ಉಜ್ಜಿ, ಬೆರಳಿನಿಂದ ಹತ್ತು ಸಲ ಒತ್ತಿ ಬಿಡಿ.

ಅದು ಸರಿಯಿದ್ದರೆ ಪುಡಿಯ ಕಡೆ ನೋಡಬೇಕು. ನಮ್ಮಲ್ಲಿ ಫಿಲ್ಟರ್ ಕಾಫಿಗೆ ಬೀಸುವ ಪುಡಿ ನುಣ್ಣಗಿರುತ್ತದೆ, ಜೊತೆಗೆ ಚಿಕೋರಿ. ಚಿಕೋರಿ ಬೆರೆತ ಕಾಫಿಯಲ್ಲಿ ಕಾಫಿಯ ಪಾಲು ನೂರಕ್ಕೆ ಕನಿಷ್ಠ 51 ಇರಬೇಕು ಎಂಬುದು ನಿಯಮ. ಅಂದರೆ ಚಿಕೋರಿ 49ರವರೆಗೂ ಇರಬಹುದು. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ ನೋಡಿ. ಚಿಕೋರಿ ನೆನೆದರೆ ಅಂಟು, ಡಿಕಾಕ್ಷನ್ ಮಂದವಾಗುತ್ತದೆ, ಜಾಲರಿ ಕಟ್ಟುತ್ತದೆ. ಸ್ಟೀಲ್ ಫಿಲ್ಟರಿಗೆ ಇದು ತೊಂದರೆಯಲ್ಲ, ಅಲ್ಲಿ ರಾತ್ರಿಯಿಡೀ ಇಳಿಯಲಿ ಎಂದೇ ಇಡುತ್ತೇವೆ. ಮಷಿನ್ ಮಾತ್ರ ನಿಮಿಷಗಳಲ್ಲಿ ನೀರು ಸುರಿಯುತ್ತದೆ. ಪುಡಿ ಅಂಗಡಿಯಲ್ಲಿ ಬೀಸಿಸುವಾಗ "ಮಷಿನ್‌ಗೆ, ಸ್ವಲ್ಪ ತರಿಯಾಗಿ ಬೀಸಿ" ಎಂದು ಹೇಳಿ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯಂತೆ ಸಿಗಬೇಕು. ಚಿಕೋರಿ ಬೇಕೇ ಬೇಕು ಎನ್ನುವವರು 80-20 ದಾಟದಿದ್ದರೆ ಒಳ್ಳೆಯದು. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರು ಊರಿಂದ ಒಯ್ದ ಪುಡಿಯನ್ನು ಅಲ್ಲಿಯ ಕಾಗದದ ಫಿಲ್ಟರಿಗೆ ಹಾಕಿ ಉಕ್ಕಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಬುಟ್ಟಿಯ ಅರ್ಧಕ್ಕಿಂತ ಹೆಚ್ಚು ಪುಡಿ ತುಂಬಬೇಡಿ, ಪುಡಿ ಉಬ್ಬಲು ಜಾಗ ಬೇಕು.

ಮಷಿನ್ ಡಿಕಾಕ್ಷನ್ ನೀರುನೀರು. ಹಾಲು ಹಾಕಿದರೆ ಕಾಫಿಯ ಬಣ್ಣವೇ ಬರುವುದಿಲ್ಲ.

ಈ ಮಷಿನ್‌ಗಳನ್ನು ರೂಪಿಸಿದ್ದು ಹಾಲಿಲ್ಲದ ಕರಿ ಕಾಫಿಗೆ. ಜಗ್ಗಿನ ಮೇಲಿನ ಗೆರೆಗಳೂ ಆ ಲೆಕ್ಕದವೇ, ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ. ನಮ್ಮ ಹಾಲಿನ ಕಾಫಿಗೆ ಆ ಗೆರೆಗಳನ್ನು ಮರೆತುಬಿಡಿ. ನಾನು 40 ಗ್ರಾಂ ಪುಡಿಗೆ 250 ಮಿಲಿ ನೀರು ಹಾಕುತ್ತೇನೆ. ಪುಡಿ ನೀರನ್ನು ಹೀರಿಕೊಳ್ಳುವುದರಿಂದ ಕೈಗೆ ಸಿಗುವುದು ಸುಮಾರು 170 ಮಿಲಿ, ನಾಲ್ಕು ಲೋಟಕ್ಕೆ ಸಾಕಾಗುವಷ್ಟು ಗಟ್ಟಿ. ಮೊದಲ ಡಿಕಾಕ್ಷನ್ ಇಳಿದ ಮೇಲೆ ಅದನ್ನೇ ಟ್ಯಾಂಕಿಗೆ ಸುರಿದು ಮತ್ತೆ ಓಡಿಸುವವರಿದ್ದಾರೆ. ಹಾಗೆ ಮಾಡಬೇಡಿ, ಕೊಳವೆಯೊಳಗೆ ಕಾಫಿ ಸೀದು ಅಂಟಿದರೆ ಆ ವಾಸನೆ ತಿಂಗಳಾದರೂ ಹೋಗದು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕಾಫಿಗೆ ಬೇಕಾದದ್ದು 92ರಿಂದ 96 ಡಿಗ್ರಿ. ಹಾಗಾಗಿ ಎತ್ತರದಿಂದ ಕಾಫಿ ತೆಳುವಾಯಿತು ಎನ್ನುವ ಅನುಮಾನ ಬೇಡ.

ಟ್ಯಾಂಕಿಗೆ ನೀರಿನ ಬದಲು ಹಾಲು ಹಾಕಬಹುದೇ?

ಬೇಡವೇ ಬೇಡ. ಒಂದೇ ಸಲಕ್ಕೆ ಕೊಳವೆಯೊಳಗೆ ಹಾಲು ತಳಹಿಡಿಯುತ್ತದೆ, ತೊಳೆಯಲು ಕೈ ಹೋಗದ ಜಾಗ ಅದು.

ಸುಣ್ಣ ತೆಗೆದಾಯಿತು, ಪುಡಿಯೂ ಹೊಸದು. ಆದರೂ ಕಾಫಿ ಕಮಟು.

ಈಗ ಜಿಡ್ಡಿನ ಸರದಿ. ಹುರಿದ ಕಾಫಿಬೀಜದಲ್ಲಿ ಎಣ್ಣೆ ಇದೆ. ಅದು ಬುಟ್ಟಿ, ಜಾಲರಿ, ಜಗ್ಗಿನ ಮುಚ್ಚಳದ ಸಂದುಗಳಲ್ಲಿ ತೆಳುವಾಗಿ ಹಿಡಿದು ಕೆಲವೇ ದಿನಗಳಲ್ಲಿ ಹಳೇ ಕೊಬ್ಬರಿಯ ಹಾಗೆ ಕಮಟಾಗುತ್ತದೆ. ಬರೀ ನೀರಲ್ಲಿ ತೊಳೆದರೆ ಹೋಗದು. ಪಾತ್ರೆ ತೊಳೆಯುವ ಸೋಪಿನಿಂದ ದಿನವೂ ತೊಳೆಯಿರಿ. ವಾರಕ್ಕೊಮ್ಮೆ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಜಾಲರಿ, ಬುಟ್ಟಿಗಳನ್ನು ಅರ್ಧ ಗಂಟೆ ನೆನೆಸಿ. ಕಾಫಿಯೇ ಮಾಡದಿದ್ದರೂ ನೀರು ಕಂದಾಗುತ್ತದೆ, ಅಷ್ಟು ಜಿಡ್ಡು ಅದರಲ್ಲಿತ್ತು. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಇನ್ನೂ ಖಾರ. ಅಲ್ಯೂಮಿನಿಯಂ ಭಾಗವನ್ನು ಕಪ್ಪಾಗಿಸುತ್ತದೆ, ಅದು ಬೇಡ.

ಡಿಕಾಕ್ಷನ್ ಅನ್ನು ಬಿಸಿ ತಟ್ಟೆಯ ಮೇಲೆ ಗಂಟೆಗಟ್ಟಲೆ ಬಿಟ್ಟರೂ ಕಹಿ, ಸೀದ ವಾಸನೆ ಬರುತ್ತದೆ. ಇಳಿದ ಕೂಡಲೇ ಫ್ಲಾಸ್ಕಿಗೆ ಹಾಕಿ ಮಷಿನ್ ಆರಿಸಿ.

ಕಾಗದದ ಫಿಲ್ಟರ್ ಒಳ್ಳೆಯದೋ, ಜಾಲರಿಯೋ?

ಕಾಗದ ಎಣ್ಣೆಯನ್ನು ಹಿಡಿದಿಡುತ್ತದೆ. ಕೊಲೆಸ್ಟ್ರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶವೂ ಅದರ ಜೊತೆ ಕಾಗದದಲ್ಲೇ ಬಹಳಮಟ್ಟಿಗೆ ಉಳಿಯುತ್ತದೆ. ಡಾಕ್ಟರ್ ಕೊಲೆಸ್ಟ್ರಾಲ್ ಬಗ್ಗೆ ಎಚ್ಚರಿಸಿದ್ದರೆ ಕಾಗದಕ್ಕೆ ಬದಲಾಯಿಸುವುದು ಯೋಚಿಸತಕ್ಕ ಮಾತು. 1908ರಲ್ಲಿ ಡ್ರೆಸ್‌ಡೆನ್‌ನ ಮೆಲಿಟ್ಟಾ ಬೆಂಟ್ಜ್ ಎಂಬ ಗೃಹಿಣಿ ಇದನ್ನು ಕಂಡುಹಿಡಿದದ್ದು ಚರಟವಿಲ್ಲದ, ಕಹಿ ಕಡಿಮೆಯಿರುವ ಕಾಫಿಗಾಗಿ. ಹಾಲಿನ ಕಾಫಿಯ ಮೈದುಂಬಿದ ರುಚಿ ಬೇಕೆಂದರೆ ಜಾಲರಿಯೇ ಸರಿ. ನಮ್ಮ ಮನೆಯಲ್ಲಿ ಜಾಲರಿ.

ಸ್ವಿಚ್ ಹಾಕಿದರೆ ಲೈಟ್ ಉರಿಯುತ್ತದೆ, ಬಿಸಿ ಮಾತ್ರ ಆಗುವುದಿಲ್ಲ.

ಸಾಕೆಟ್ಟಿಗೆ ಬೇರೇನಾದರೂ ಚುಚ್ಚಿ ಕರೆಂಟ್ ಸರಿಯಾಗಿ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಥರ್ಮಲ್ ಫ್ಯೂಸ್ ಅಥವಾ ಹೀಟರ್ ಹೋಗಿರಬಹುದು. ಥರ್ಮೋಸ್ಟಾಟ್ ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ. ಥರ್ಮಲ್ ಫ್ಯೂಸ್ ಒಮ್ಮೆ ಹೋದರೆ ಹೋಯಿತು, ಹೊಸದನ್ನೇ ಹಾಕಬೇಕು. ಬಿಡಿಭಾಗ ಅಗ್ಗ. ಆದರೆ ಅದೇ ತಾಪಮಾನ ಮತ್ತು ಆಂಪಿಯರ್ ಇರುವುದನ್ನು ಗೊತ್ತಿರುವವರ ಕೈಯಲ್ಲಿ ಹಾಕಿಸಿ. ಪರಿಚಯದ ಒಬ್ಬ ರಿಪೇರಿಯವರು ಫ್ಯೂಸ್ ಸಿಗಲಿಲ್ಲವೆಂದು ಎರಡು ವೈರ್ ಜೋಡಿಸಿ ನೇರ ಕೊಟ್ಟರು. ಮನೆಗೆ ತಂದು ಹಾಕಿದೆ, ಕಾಫಿ ಆಯಿತು. ಮೂರನೇ ವಾರ ಪ್ಲಾಸ್ಟಿಕ್ ತಳ ಕರಗಿ ಅಡುಗೆಕಟ್ಟೆಗೆ ಅಂಟಿಕೊಂಡಿತ್ತು. ಅಂದು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಎದೆ ಝಲ್ಲೆನ್ನುತ್ತದೆ. ಆ ಫ್ಯೂಸ್ ಇರುವುದು ಮನೆಗೆ ಬೆಂಕಿ ಬೀಳದಿರಲಿ ಎಂದು. ಅದನ್ನು ತಪ್ಪಿಸಿ ವೈರ್ ಕೊಡಲು ಯಾರಿಗೂ ಬಿಡಬೇಡಿ.

ಮಗಳು ಅಮೆರಿಕದಿಂದ ತಂದ ಮಷಿನ್. ಪ್ಲಗ್ ಅಡಾಪ್ಟರ್ ಹಾಕಿ ಚುಚ್ಚಿದೆ, ಟಪ್ ಎಂದು ನಿಂತಿತು.

ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಅಲ್ಲಿ 120 ವೋಲ್ಟ್, ಇಲ್ಲಿ 230. ವೋಲ್ಟೇಜ್ ಎರಡು ಪಟ್ಟಾದರೆ ಹೀಟರ್ ಎಳೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು, ಅಂದರೆ 900 ವಾಟ್‌ನ ಹೀಟರ್ 3,300 ವಾಟ್ ಎಳೆಯಲು ಹೋಗುತ್ತದೆ. ಥರ್ಮಲ್ ಫ್ಯೂಸ್ ಮಾತ್ರ ಹೋಗಿದ್ದರೆ ರಿಪೇರಿಯಾದೀತು. ಆಮೇಲೂ 1,500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ಕಲ್ಲಿನಂತೆ ಭಾರ, ಬೆಲೆಯೂ ಇಲ್ಲಿಯ ಒಂದು ಸಾದಾ ಮಷಿನ್ನಿನ ಹತ್ತಿರಕ್ಕೆ ಬರುತ್ತದೆ. ಮಕ್ಕಳು ಪ್ರೀತಿಯಿಂದ ತರುತ್ತಾರೆ. ಮೊದಲೇ ಹೇಳಿಬಿಡಿ, ಬರುವಾಗ ಬೇರೇನಾದರೂ ತನ್ನಿ ಎಂದು.

ಕೆಳಗಿನಿಂದ ನೀರು ಸೋರುತ್ತದೆ.

ಪ್ಲಗ್ ತೆಗೆದು ಕಟ್ಟೆ ಒರೆಸಿ, ಟ್ಯಾಂಕ್ ತುಂಬಿ ಹತ್ತು ನಿಮಿಷ ಸುಮ್ಮನೆ ಇಡಿ. ಆಗಲೂ ಒದ್ದೆಯಾದರೆ ತಳದ ರಬ್ಬರ್ ಕೊಳವೆ ಸಡಿಲವಾಗಿದೆ ಅಥವಾ ಬಿರುಕು ಬಿಟ್ಟಿದೆ, ರಿಪೇರಿಗೆ ಕೊಡಿ. ಒದ್ದೆಯಾಗದಿದ್ದರೆ ಅದು ಮೇಲಿಂದ ಚೆಲ್ಲಿ ಇಳಿದ ನೀರು. ಮಷಿನ್ನಿನ ತಳವನ್ನು ಮಾತ್ರ ಎಂದೂ ಸಿಂಕಿನಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಊರಿಗೆ ಹೋಗಿ ಬಂದರೆ ಬುಟ್ಟಿಯಲ್ಲಿ ಬೂಷ್ಟು. ಟ್ಯಾಂಕಿನಲ್ಲಿ ಜಿರಳೆ ಕೂಡ ಕಂಡೆ.

ಒದ್ದೆ, ಕತ್ತಲು, ಬೆಚ್ಚಗಿನ ಜಾಗ ಎರಡಕ್ಕೂ ಇಷ್ಟ. ಮಲೆನಾಡಿನ ಮಳೆಗಾಲದಲ್ಲಿ ಎರಡೇ ದಿನಕ್ಕೆ ಚರಟ ಬೂಷ್ಟು ಹಿಡಿಯುತ್ತದೆ. ಕಾಫಿ ಆದ ಕೂಡಲೇ ಚರಟ ತೆಗೆಯಿರಿ, ಟ್ಯಾಂಕಿನ ಉಳಿದ ನೀರು ಚೆಲ್ಲಿ, ಹಗಲಲ್ಲಿ ಮುಚ್ಚಳ ತೆರೆದು ಒಣಗಲು ಬಿಡಿ, ರಾತ್ರಿ ಮುಚ್ಚಿ. ಬೂಷ್ಟು ಬಂದಿದ್ದರೆ ಸೋಪಿನಿಂದ ತೊಳೆದು, ವಿನೆಗರ್ ಓಡಿಸಿ, ಮೂರು ಸಲ ಬರೀ ನೀರು. ಜಿರಳೆ ಕಂಡಿದ್ದರೂ ಇದೇ ಕ್ರಮ. ಜಿರಳೆ ಸ್ಪ್ರೇ ಮಷಿನ್ ಹತ್ತಿರ ಹೊಡೆಯಬೇಡಿ.

ಗಾಜಿನ ಜಗ್ಗಿನ ಕಂದು ಕರೆ?

ಜಗ್ ಪೂರ್ತಿ ತಣ್ಣಗಿರಲಿ. ಎರಡು ಚಮಚ ಕಲ್ಲುಪ್ಪು, ಒಂದು ಹಿಡಿ ಪುಡಿಮಾಡಿದ ಐಸ್, ಸ್ವಲ್ಪ ನೀರು ಹಾಕಿ ಗರಗರ ತಿರುಗಿಸಿ. ಐಸ್ ಇಲ್ಲದಿದ್ದರೆ ಅಕ್ಕಿನುಚ್ಚು, ಸೋಪುನೀರು. ಬಿಸಿ ಜಗ್ಗಿಗೆ ಐಸ್ ಹಾಕಿದರೆ ಸೀಳುತ್ತದೆ.

ನಮ್ಮದು ಹಳೆಯ ಸ್ಟೀಲ್ ಫಿಲ್ಟರ್. ಅದೂ ಇಳಿಯುತ್ತಿಲ್ಲ.

ಮೊದಲು ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಮತ್ತೆ ಸಡಿಲವಾಗಿ ಕೂರಿಸಿ. ಎರಡೂ ಪಾತ್ರೆ ಬಿಗಿಯಾಗಿ ಕೂತರೆ ಕೆಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಗಾಳಿ ಅಲ್ಲೇ ಇದ್ದರೆ ಡಿಕಾಕ್ಷನ್ ಬೀಳುವುದಿಲ್ಲ. ನಮ್ಮ ಅಜ್ಜಿ ಫಿಲ್ಟರನ್ನು ಕಟ್ಟೆಗೆ ಒಮ್ಮೆ ಟಕ್ ಎನ್ನಿಸುತ್ತಿದ್ದರು, ಅದೂ ಇದಕ್ಕೇ. ಪುಡಿಯನ್ನು ಅತಿಯಾಗಿ ಒತ್ತಿದ್ದರೂ ನಿಲ್ಲುತ್ತದೆ.

ತೂತು ಕಟ್ಟಿದ್ದರೆ ಬೆಳಕಿಗೆ ಹಿಡಿದು ನೋಡಿ, ಕುರುಡಾದ ತೂತುಗಳು ಕಾಣುತ್ತವೆ. ಅಡುಗೆ ಸೋಡಾ ಹಾಕಿದ ಕುದಿನೀರಿನಲ್ಲಿ ರಾತ್ರಿ ನೆನೆಸಿ ಬ್ರಷ್ ಹಾಕಿ. ಹೋಗದಿದ್ದರೆ ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸ್ ಉರಿಗೆ ಒಂದು ನಿಮಿಷ ತೋರಿಸಿ. ಒಳಗಿನ ಕಾಫಿ ಸುಟ್ಟು ಬೂದಿಯಾಗುತ್ತದೆ, ತಣಿದ ಮೇಲೆ ತಟ್ಟಿದರೆ ಉದುರುತ್ತದೆ. ಇದು ಪೂರ್ತಿ ಸ್ಟೀಲಿನದಕ್ಕೆ ಮಾತ್ರ. ಹಿತ್ತಾಳೆ ಫಿಲ್ಟರಿನ ಒಳಗೆ ಕಲಾಯಿ ಇದ್ದರೆ ಉರಿ ತಾಗಿದರೆ ಕರಗುತ್ತದೆ, ಉಜ್ಜಿದರೂ ಸವೆಯುತ್ತದೆ. ಒಳಗೆ ಮೆತ್ತನೆ ಬಟ್ಟೆ, ಹೊರಗೆ ಹುಣಸೆಹಣ್ಣು. ಪಿನ್ನಿನಿಂದ ತೂತು ಚುಚ್ಚಿ ದೊಡ್ಡದು ಮಾಡಬೇಡಿ, ಆಮೇಲೆ ಲೋಟದ ತಳದಲ್ಲಿ ಪುಡಿ.

ಚರಟವನ್ನು ಸಿಂಕಿಗೆ ಹಾಕಬಹುದೇ?

ಬೇಡ, ಪೈಪಿನ ಬಾಗಿನಲ್ಲಿ ಜಿಡ್ಡಿನ ಜೊತೆ ಸೇರಿ ಕಟ್ಟಿಕೊಳ್ಳುತ್ತದೆ. ಒಣಗಿಸಿ ಕಾಂಪೋಸ್ಟಿಗೆ ಹಾಕಿ. ಗುಲಾಬಿ ಕುಂಡಕ್ಕೆ ನೇರ ಹಾಕುವುದಾದರೆ ತೆಳುವಾಗಿ ಹರಡಿ ಮಣ್ಣಿನಲ್ಲಿ ಕಲೆಸಿ. ದಪ್ಪಗೆ ಸುರಿದರೆ ಗಟ್ಟಿ ಹೆಪ್ಪಾಗಿ ನೀರು ಇಳಿಯುವುದಿಲ್ಲ.